ಸೆಟ್ ಆಗದ ಇಂಗ್ಲಿಷ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮನೆಯಲ್ಲೇ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಉದ್ದುದ್ದ ಇಂಗ್ಲಿಷ್ ಪದಗಳು ಹೇಗೋ ಬಾಯಿಪಾಠ ಆಗುತ್ತವೆ. ಸೆಟ್, ರನ್, ಪುಟ್, ಗೆಟ್ ತರದ ಚಿಳ್ಳೆ ಪದಗಳೇ ಕೈಕೊಡುತ್ತವೆ. ಡಿಕ್ಷನರಿ ತೆಗೆದರೆ ಒಂದೊಂದಕ್ಕೂ ಪುಟಗಟ್ಟಲೆ ಅರ್ಥ. ಇಷ್ಟೆಲ್ಲ ನೆನಪಿಟ್ಟುಕೊಳ್ಳುವುದು ಹೇಗೆ?
ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನೆನಪಿಟ್ಟುಕೊಳ್ಳಲೇಬೇಡಿ. 1989ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಜಾಗ ತಿಂದ ಪದ ನಿಮ್ಮ ಇದೇ ಸೆಟ್. ಕ್ರಿಯಾಪದವಾಗಿ 430 ಅರ್ಥ, ವಿವರಣೆಯೇ ಸುಮಾರು 60,000 ಪದ. ಆಮೇಲೆ ನಿಘಂಟನ್ನು ತಿದ್ದುವಾಗ ರನ್ ಅದನ್ನೂ ಮೀರಿಸಿತು. ಪೀಟರ್ ಗಿಲಿವರ್ ಅನ್ನುವ ಸಂಪಾದಕರು ಆ ಒಂದೇ ಪದದ ಮುಂದೆ ಒಂಬತ್ತು ತಿಂಗಳು ಕೂತು 645 ಅರ್ಥ ಗುರುತಿಸಿದರು. ಸಂಬಳ ತಗೊಂಡು ಅದೇ ಕೆಲಸ ಮಾಡುವವರಿಗೇ ಇಷ್ಟು ಹೊತ್ತು ಹಿಡಿದಿದೆ, ನೀವು ಒಂದು ಸಂಜೆಗೆ ಬಾಯಿಪಾಠ ಮಾಡಲು ಹೊರಟಿದ್ದೀರಿ!

ಇನ್ನೊಂದು ಮಾತು. ಸೆಟ್ ನಿಮಗೆ ಆಗಲೇ ಬರುತ್ತದೆ. ಬೆಳಿಗ್ಗೆ ತಿನ್ನುವ ಸೆಟ್ ದೋಸೆ, ತೋಟದ ಪಂಪ್‌ಸೆಟ್, ಅಜ್ಜನ ಹಲ್ಲಿನ ಸೆಟ್, ‘ಸಿಮೆಂಟು ಸೆಟ್ ಆಗಲಿ, ಅಲ್ಲಿ ತನಕ ತುಳಿಯಬೇಡ’ ಅನ್ನುವ ಮೇಸ್ತ್ರಿ, ಮೋಡ ಇಲ್ಲದಿದ್ದರೆ ಆಗುಂಬೆಯಲ್ಲಿ ಕಾಣುವ ಸನ್‌ಸೆಟ್. ಒಂದು ದಿನವಾದರೂ ಗೊಂದಲ ಆಗಿದೆಯಾ? ಇಲ್ಲ ಅಲ್ವಾ. ಪಕ್ಕದಲ್ಲಿ ಯಾರು ನಿಂತಿದ್ದಾರೆ ಅಂತ ನೋಡಿ ಅರ್ಥ ಮಾಡಿಕೊಂಡಿರಿ, ಅಷ್ಟೆ.

ಕನ್ನಡದಲ್ಲಿ ‘ಹಾಕು’ ತಗೊಳ್ಳಿ. ಡೈರಿಗೆ ಹಾಲು ಹಾಕುತ್ತೀರಿ, ದನಕ್ಕೆ ಹುಲ್ಲು ಹಾಕುತ್ತೀರಿ, ಅದೇ ದನ ಕರು ಹಾಕುತ್ತದೆ, ಬಾಗಿಲಿಗೆ ಬೀಗ ಹಾಕಿ ಹೋಗಿ ಓಟು ಹಾಕಿ ಬರುತ್ತೀರಿ, ನೆಂಟರ ಮದುವೆಗೆ ರಜೆ ಹಾಕುತ್ತೀರಿ. ಕೊಟ್ಟಿಗೆಗೆ ಸೊಪ್ಪು ಹಾಕುವುದು ಒಂದು, ಯಾರ ಮಾತಿಗೂ ಸೊಪ್ಪು ಹಾಕದೆ ಇರುವುದು ಇನ್ನೊಂದು. ಕನ್ನಡ ಕಲಿಯಲು ಬಂದವರು ಇದೊಂದು ಪದಕ್ಕೇ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ನಮಗೆ ಅದರಲ್ಲಿ ಲೆಕ್ಕ ಇಡುವಂಥದ್ದು ಏನಿದೆ ಅಂತಲೂ ಅನ್ನಿಸುವುದಿಲ್ಲ.

ಚಿಕ್ಕ ಪದಗಳೇ ಯಾಕೆ ಹೀಗೆ? ದಿನಾ ಕೈಗೆ ಸಿಗುತ್ತವೆ, ಅದಕ್ಕೆ. ಮನೆಯಲ್ಲಿ ಒಂದು ಕತ್ತಿ ಇರುತ್ತದಲ್ಲ, ಸೊಪ್ಪು ಕಡಿಯಲು, ಬೇಲಿ ಗೂಟ ಚೂಪು ಮಾಡಲು, ಎಳನೀರು ಕೆತ್ತಲು ಎಲ್ಲಾದಕ್ಕೂ ಅದೇ. ಮೆಟ್ಟುಗತ್ತಿ ಮಾತ್ರ ಅಡಿಕೆ ಸುಲಿಯಲು, ಸುಗ್ಗಿ ಮುಗಿದರೆ ಮೂಲೆಗೆ. ಸೆಟ್, ರನ್ ಕ್ರಿಯಾಪದಗಳು 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆಲ್ಲುವ ಮೊದಲೇ ಅಲ್ಲಿನವರ ಬಾಯಲ್ಲಿದ್ದ ಮನೆಮಾತು. ಆಮೇಲೆ ಫ್ರೆಂಚಿನಿಂದ ಬಂದ ಎಷ್ಟೋ ಪದಗಳು ಕೋರ್ಟು, ಅರಮನೆ ಅಂತ ಒಂದೊಂದು ಕೆಲಸ ಹಿಡಿದು ಕೂತವು. ತಮಾಷೆ ಅಂದರೆ ಜೋಡಿ, ಗುಂಪು ಅನ್ನುವ ಅರ್ಥದ ಸೆಟ್ ಕೂಡ ಫ್ರೆಂಚಿನದು. ನಿಮ್ಮ ಸೆಟ್ ದೋಸೆಗೂ ಸಿಮೆಂಟು ಸೆಟ್ ಆಗುವುದಕ್ಕೂ ಮೂಲದಲ್ಲಿ ನೆಂಟಸ್ತನ ಇಲ್ಲ.

ಹಾಗಾಗಿ ಅರ್ಥದ ಪಟ್ಟಿ ಬರೆಯುವ ನೋಟ್ಸ್ ಪಕ್ಕಕ್ಕಿಡಿ. ಓದುವಾಗ ಹೊಸ ‘ಸೆಟ್’ ಸಿಕ್ಕರೆ ಇಡೀ ವಾಕ್ಯ ಬರೆದುಕೊಳ್ಳಿ. ಸೆಟ್ ಅಪ್, ಸೆಟ್ ಆಫ್, ಸೆಟ್ ಇನ್ ಇಂಥವು ಬಂದರೆ ಒಡೆಯಲು ಹೋಗಬೇಡಿ, ಜೋಡಿಯನ್ನೇ ಒಂದು ಪದ ಅಂದುಕೊಳ್ಳಿ. ಮಳೆಗಾಲ ಹಿಡಿಯಿತು ಅನ್ನಲು ಸೆಟ್ ಇನ್ ಅನ್ನುತ್ತಾರೆ. ಜೂನ್ ತಿಂಗಳ ತೀರ್ಥಹಳ್ಳಿಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಇಲ್ಲ.

ಪ್ರಶ್ನೆ: ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮಲ್ಲಿ ಲಾಟ್ ಅಂದರೆ ಟೆಂಡರಿಗೆ ಇಟ್ಟ ಅಡಿಕೆ. ಮಗಳ ಪುಸ್ತಕದಲ್ಲಿ ‘ಎ ಲಾಟ್’ ಅಂದರೆ ತುಂಬಾ ಅಂತ ಇದೆ. ಎರಡೂ ಒಂದೇನಾ?
ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಒಂದೇ ಸ್ವಾಮಿ. ಹಿಂದೆ ಇಂಗ್ಲೆಂಡಿನಲ್ಲಿ ಪಾಲು ಹಂಚುವಾಗ ಮರದ ಚೂರೋ ಅಂಥದ್ದೇ ಏನನ್ನೋ ಎತ್ತಿ ತೀರ್ಮಾನ ಮಾಡುತ್ತಿದ್ದರು, ನಾವು ಚೀಟಿ ಎತ್ತುವ ಹಾಗೆ. ಆ ಚೂರಿನ ಹೆಸರೇ ಲಾಟ್. ಅದು ತೋರಿಸಿದ ಪಾಲಿಗೂ ಅದೇ ಹೆಸರಾಯಿತು. ಪಾಲಿಗೆ ಬಂದದ್ದು ಪಂಚಾಮೃತ ಅಂತೀವಲ್ಲ, ಆ ಹಣೆಬರಹವೂ ಲಾಟ್. ಪಾಲು ಮಾಡಿದ ಜಾಗ ಲಾಟ್, ಹರಾಜಿಗೆ ಗುಂಪು ಮಾಡಿದ ಸಾಮಾನು ಲಾಟ್, ಗುಂಪು ದೊಡ್ಡದಾದರೆ ‘ತುಂಬಾ’. ಸೈಟ್ ಅಲಾಟ್ ಆಗುವುದೂ ಲಾಟರಿ ಹೊಡೆಯುವುದೂ ಇದೇ ಬೇರಿನಿಂದ. ಸೈಟಿಗೆ ಅರ್ಜಿ ಹಾಕಿ ಕಾದವರಿಗೆ ಎರಡೂ ಒಂದೇ ಅನ್ನಿಸಿದರೆ ತಪ್ಪಿಲ್ಲ.

ನಿಮ್ಮ ಮಂಡಿಯಲ್ಲೇ ಇದರ ಅವಳಿ ಇದೆ ನೋಡಿ. ಸರಕು, ಬೆಟ್ಟೆ, ಗೊರಬಲು ಜೊತೆ ‘ರಾಶಿ’ ಅಂತ ಬರೆಯುತ್ತೀರಲ್ಲ? ಗುಡ್ಡೆಗೂ ರಾಶಿ, ಅಡಿಕೆಯ ಒಂದು ಬಗೆಗೂ ರಾಶಿ, ಜಾತಕದಲ್ಲೂ ರಾಶಿ. ಸಾಗರದ ಕಡೆ ಹವ್ಯಕರ ಮನೆಗೆ ಹೋದರೆ ‘ರಾಶಿ ಚಲೋ ಇದ್ದು’. ತುಂಬಾ ಚೆನ್ನಾಗಿದೆ ಅಂತ. ಲಾಟ್ ಮಾಡಿದ್ದೂ ಇಷ್ಟೇ.

ಪ್ರಶ್ನೆ: ಬಾವಲಿಯೂ ಬ್ಯಾಟ್, ಕ್ರಿಕೆಟ್ಟಿನದೂ ಬ್ಯಾಟ್. ಸಂಬಂಧ ಇದೆಯಾ?
ಓದುಗರೊಬ್ಬರು, ಭದ್ರಾವತಿ

ಉತ್ತರ: ಇಲ್ಲ. ಬೇರೆ ಬೇರೆ ಪದಗಳು, ಸವೆದು ಒಂದೇ ತರ ಆದವು. ನಮ್ಮ ಹತ್ತು ಅನ್ನುವ ಸಂಖ್ಯೆಗೂ ಮರ ಹತ್ತುವುದಕ್ಕೂ ಸಂಬಂಧ ಹುಡುಕಬಾರದು, ಹಾಗೆ.

ಪ್ರಶ್ನೆ: ಫೈನ್ ಅಂದರೆ ಚೆನ್ನಾಗಿದೆ, ಫೈನ್ ಅಂದರೆ ದಂಡ. ಇದೆಂಥ ಭಾಷೆ?
ಓದುಗರೊಬ್ಬರು, ಸಾಗರ

ಉತ್ತರ: ಇವೆರಡು ಮಾತ್ರ ಒಂದೇ ಹೊಟ್ಟೆಯವು. ಲ್ಯಾಟಿನ್ನಿನಲ್ಲಿ ಫಿನಿಸ್ ಅಂದರೆ ಕೊನೆ. ಕೊನೆ ಮುಟ್ಟಿಸಿದ ಕೆಲಸ ಅಚ್ಚುಕಟ್ಟು, ಹಾಗಾಗಿ ಫೈನ್. ತಕರಾರು ಕೊನೆ ಮಾಡಲು ಕಟ್ಟುವ ದುಡ್ಡೂ ಫೈನ್. ನನಗೆ ಇದು ಗೊತ್ತಾಗಿದ್ದು ತಡವಾಗಿ. ಪಿಯುಸಿಯಲ್ಲಿ ಲೈಬ್ರರಿ ಪುಸ್ತಕ ವಾಪಸ್ ಕೊಡಲು ಹೋಗಿದ್ದೆ. ಕೌಂಟರಿನಲ್ಲಿದ್ದವರು ತಾರೀಕು ನೋಡಿ, ‘ಫೈನ್’ ಅಂದರು. ನಾನು ನಕ್ಕು, ‘ಥ್ಯಾಂಕ್ಯೂ ಸರ್’ ಅಂತ ಹೊರಟೇಬಿಟ್ಟೆ. ಬಾಗಿಲು ದಾಟುವ ಮೊದಲೇ ಹಿಂದಿನಿಂದ ಕೂಗಿದರು: ‘ಏಯ್, ಎರಡು ರೂಪಾಯಿ!’