ಆ ಚಾಕು ತೊಳೆದವರು ಯಾರು?

ನಮಸ್ಕಾರ.

ನಿಮ್ಮ ಕಥೆ ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ, ಅದಕ್ಕೇ ಈ ಉದ್ದದ ಪತ್ರ.

1847ರ ಅಮೆರಿಕ. ಮ್ಯಾಸಚೂಸೆಟ್ಸ್‌ನ ಸೌತ್ ಹ್ಯಾಡ್ಲಿ ಊರು. ಹೆಣ್ಣುಮಕ್ಕಳಿಗಾಗಿ ಮೇರಿ ಲಯನ್ ಹತ್ತು ವರ್ಷ ಮೊದಲು ತೆರೆದ ಮೌಂಟ್ ಹೋಲ್ಯೋಕ್ ಸೆಮಿನರಿ, ಅಂದರೆ ವಸತಿ ಶಾಲೆ. ಇಂಥ ಜಾಗದ ಕಥೆ ನನ್ನ ಮೇಜಿಗೆ ಬಂದಿದ್ದು ಇದೇ ಮೊದಲು. ನಿಮ್ಮ ಸೂಸನ್ ಅಲ್ಲಿಗೆ ಓದಲು ಬರುತ್ತಾಳೆ, ಪಕ್ಕದ ಬೆಂಚಿನ ಹುಡುಗನನ್ನು ಪ್ರೀತಿಸುತ್ತಾಳೆ, ಅಪ್ಪನನ್ನು ಎದುರು ಹಾಕಿಕೊಳ್ಳುತ್ತಾಳೆ, ಗೆಲ್ಲುತ್ತಾಳೆ.

ಸಣ್ಣ ತಪ್ಪುಗಳನ್ನು ಮೊದಲು ಮುಗಿಸಿಬಿಡೋಣ. ಆ ಬೆಂಚಿನಲ್ಲಿ ಹುಡುಗ ಇರಲು ಸಾಧ್ಯವಿಲ್ಲ, ಅದು ಹುಡುಗಿಯರ ಶಾಲೆ. ಹುಡುಗ ಬೇಕೇ ಬೇಕು ಅಂದರೆ ಕಥೆಯನ್ನು ಒಹಾಯೋದ ಓಬರ್ಲಿನ್‌ಗೆ ಸಾಗಿಸಿ. ಅಲ್ಲಿ 1837ರಲ್ಲೇ ಪದವಿ ತರಗತಿಗೆ ಹುಡುಗಿಯರನ್ನೂ ಸೇರಿಸಿಕೊಂಡಿದ್ದರು. ಸೂಸನ್ ಸ್ವಿಚ್ ಒತ್ತಿ ದೀಪ ಆರಿಸುವುದೂ ಬೇಡ. ಎಡಿಸನ್ ಆಗಿನ್ನೂ ತೊಟ್ಟಿಲ ಕೂಸು.

ಇವೆಲ್ಲ ಅರ್ಧ ಗಂಟೆಯ ಕೆಲಸ. ನನ್ನ ತಕರಾರು ಬೇರೆ. ನಾಲ್ಕನೇ ಪುಟದಲ್ಲಿ "ಅಡುಗೆಯವಳು ತಂದಿಟ್ಟ ಸೂಪ್ ಕುಡಿದು ಸೂಸನ್ ಪುಸ್ತಕದಲ್ಲಿ ಮುಳುಗಿದಳು" ಅಂತ ಬರೆದಿದ್ದೀರಿ. ಯಾರು ಆ ಅಡುಗೆಯವಳು? ಆ ಶಾಲೆಯ ಗುಟ್ಟೆಲ್ಲ ಇರುವುದೇ ಅಲ್ಲಿ. ಶುರುವಿನಲ್ಲಿ ಊಟ, ವಸತಿ, ಪಾಠ ಎಲ್ಲ ಸೇರಿ ವರ್ಷಕ್ಕೆ 60 ಡಾಲರ್. ಅಷ್ಟರಲ್ಲಿ ನಡೆಸಬೇಕಲ್ಲ, ಲಯನ್ ಮನೆಗೆಲಸಕ್ಕೆ ಆಳುಗಳನ್ನೇ ಇಟ್ಟುಕೊಳ್ಳಲಿಲ್ಲ. ಅಡುಗೆ, ಕಸ, ಪಾತ್ರೆ, ಎಲ್ಲ ಹುಡುಗಿಯರದೇ ಪಾಳಿ.

ಆ ವರ್ಷ ಅಲ್ಲಿ ಓದುತ್ತಿದ್ದ ಹದಿನಾರರ ಎಮಿಲಿ ಡಿಕಿನ್ಸನ್ (ಮುಂದೆ ದೊಡ್ಡ ಕವಿ ಎಂದು ಹೆಸರಾದವಳು) ಪಾಲಿಗೆ ಬಂದದ್ದು ಚಾಕುಗಳು. ಬೆಳಿಗ್ಗೆ, ಮಧ್ಯಾಹ್ನ ಮೊದಲ ಸಾಲಿನ ಮೇಜುಗಳಿಂದ ಚಾಕು ಎತ್ತಿಕೊಂಡು ಹೋಗಬೇಕು. ರಾತ್ರಿ ಅಷ್ಟೇ ಚಾಕುಗಳನ್ನು ತೊಳೆದು ಒರೆಸಬೇಕು. ಗೆಳತಿಗೆ ಬರೆದ ಕಾಗದದಲ್ಲಿ ಇದನ್ನೂ ಹೇಳಿದ್ದಾಳೆ, ದಿನದ ವೇಳಾಪಟ್ಟಿಯನ್ನೂ ಕೊಟ್ಟಿದ್ದಾಳೆ. ಆರಕ್ಕೆ ಏಳಬೇಕು, ಏಳಕ್ಕೆ ತಿಂಡಿ, ಎಂಟಕ್ಕೆ ಓದು, ಒಂಬತ್ತಕ್ಕೆ ಪ್ರಾರ್ಥನೆ. ಮಧ್ಯಾಹ್ನ ಹನ್ನೆರಡಕ್ಕೆ ಕಾಲು ಗಂಟೆ ವ್ಯಾಯಾಮ. 3.45ಕ್ಕೆ ಒಂದು ವಿಚಿತ್ರ ತರಗತಿ: ಅವತ್ತಿನ ತಪ್ಪುಗಳನ್ನು ತಾವೇ ಒಪ್ಪಿಸಬೇಕು. ತಡವಾಗಿ ಬಂದೆ, ಮೌನದ ಹೊತ್ತಿನಲ್ಲಿ ಮಾತಾಡಿದೆ, ಕೋಣೆಗೆ ಯಾರನ್ನೋ ಕರೆದೆ, ಹೀಗೆ. ರಾತ್ರಿ 8.45ಕ್ಕೆ ಮಲಗುವ ಗಂಟೆ. ಆದರೆ ತಡವಾಯಿತು ಅನ್ನುವ ಎರಡನೇ ಗಂಟೆ ಬಾರಿಸುವುದು 9.45ಕ್ಕೆ. ಹಾಗಾಗಿ ಮೊದಲನೆಯದಕ್ಕೆ ಕಿವಿಗೊಡುವವರು ಕಡಿಮೆ.

ನೋಡಿ, ನಡುವಿನ ಆ ಒಂದು ತಾಸು ನಿಮ್ಮ ಕಥೆಯಲ್ಲಿ ಎಲ್ಲಿ ಹೋಯಿತು? ಹಾಸ್ಟೆಲ್‌ನಲ್ಲಿ ಇದ್ದವರನ್ನು ಕೇಳಿ, ಅಷ್ಟು ಹೊತ್ತಿನಲ್ಲಿ ಏನೆಲ್ಲ ನಡೆಯುತ್ತದೆ ಅಂತ ಹೇಳುತ್ತಾರೆ. ಮನೆಯಿಂದ ಬಂದ ತಿಂಡಿಯನ್ನು ಹಂಚಿಕೊಳ್ಳುವುದೂ ಅದರಲ್ಲಿ ಸೇರಿರುತ್ತದೆ. ಎಮಿಲಿಗೂ ಮನೆಯಿಂದ ಬಂದಿತ್ತು. ಕೇಕ್, ಪೀಚ್ ಎಲ್ಲ ಖಾಲಿ, ಸೇಬು ದ್ರಾಕ್ಷಿ ಇನ್ನೂ ಉಳಿದಿವೆ ಅಂತ ಅಣ್ಣನಿಗೆ ಬರೆದಿದ್ದಳು.

ಪ್ರೀತಿ ಬೇಕಲ್ವಾ ನಿಮಗೆ? ಅದಕ್ಕೂ ಹುಡುಗ ಬೇಕಿಲ್ಲ. 1848ರ ಫೆಬ್ರವರಿಯಲ್ಲಿ ಲಯನ್ ಎದ್ದು ನಿಂತು, ವ್ಯಾಲೆಂಟೈನ್ ಅನ್ನುವ ಪೆದ್ದು ಚೀಟಿಗಳನ್ನು ಯಾರೂ ಕಳಿಸಕೂಡದು ಎಂದು ಅಪ್ಪಣೆ ಮಾಡಿದರು. ಹಿಂದಿನ ವರ್ಷವೂ ಅಲ್ಲಿದ್ದ ಹುಡುಗಿಯರಿಗೆ ಈಕೆಯ ಸ್ವಭಾವ ಗೊತ್ತಿತ್ತು. ರಜೆಯಲ್ಲೇ ಬರೆದು ಒಬ್ಬರ ಕೈಗೆ ಒಪ್ಪಿಸಿಟ್ಟಿದ್ದರು. ಸುಮಾರು 150 ಚೀಟಿಗಳು ದಾಟಿಹೋದವು! ಸೂಸನ್ ಅವರಲ್ಲಿ ಒಬ್ಬಳಾದರೆ, ಆಮೇಲೆ 3.45ರ ತರಗತಿಯಲ್ಲಿ ಅವಳು ಬಾಯಿ ಬಿಡುತ್ತಾಳಾ? ನನಗಂತೂ ಓದಬೇಕು ಅನಿಸುತ್ತದೆ.

ಒಂದು ಬೇಡಿಕೆ. ಆಸೆಗೆ ಬಿದ್ದು ಎಮಿಲಿ ಬಾಯಲ್ಲಿ ಕವಿತೆ ಹೇಳಿಸಬೇಡಿ. ಅಲ್ಲಿ ಅವಳಿನ್ನೂ ಚಾಕು ತೊಳೆಯುವ ಒಬ್ಬ ಹುಡುಗಿ. ಹಿಂದಿನ ಮೇಜಿನಲ್ಲಿ ಹಾಗೇ ಇರಲಿ, ಹೆಸರೂ ಹೇಳಬೇಡಿ.

ಹನ್ನೆರಡು ಪುಟಗಳಲ್ಲಿ ಒಂದು ಇಡೀ ಬದುಕು ಬೇಡ. ಒಂದೇ ದಿನ ಬರೆಯಿರಿ, ಆರರ ಗಂಟೆಯಿಂದ ಒಂಬತ್ತು ಮುಕ್ಕಾಲರ ತನಕ. ಹಿಟ್ಟು ಹತ್ತಿದ ಕೈಯಲ್ಲೇ ಸೂಸನ್ ಪಾಠ ಬಾಯಿಪಾಠ ಮಾಡಲಿ. ಆಮೇಲೆ "ಜ್ಞಾನದಾಹ" ಅನ್ನುವ ಪದವನ್ನು ಹುಡುಕಿ ತೆಗೆಯಿರಿ. ಎಣಿಸಿದ್ದೇನೆ, ಒಂಬತ್ತು ಕಡೆ ಇದೆ.