ಯುದ್ಧ ಮುಗಿದರೂ ಮುಗಿಯದ ಕಾಯ್ದೆ

ಮಾನ್ವಿಯಿಂದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: "ಯುದ್ಧದ ಹೊತ್ತಿನಲ್ಲಿ ಪರದೇಶದವರನ್ನು ಹಿಡಿದು ಒಳಗೆ ಹಾಕಲು ಸರ್ಕಾರಕ್ಕೆ ಪೂರಾ ಅಧಿಕಾರ ಇರಬೇಕು. ಕೋರ್ಟು, ಜಾಮೀನು ಅಂತ ಕೂತರೆ ದೇಶ ಉಳಿಯಲ್ಲ. ಇಂಥ ಅಧಿಕಾರಕ್ಕೆ ಕಡಿವಾಣ ಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಿಮಗೆ ದೇಶ ಮುಖ್ಯವೋ, ಹೊರಗಿನವರೋ?"

ಮಾಸ್ತರೇ, ಹೆಸರು, ವಿಳಾಸ ಹಾಕಿ ಮುಖಕ್ಕೆ ಮುಖ ಕೊಟ್ಟು ಜಗಳಕ್ಕೆ ಬಂದಿದ್ದೀರಿ. ಅಂಥ ಓದುಗರು ಈಗ ಕಡಿಮೆ. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಯುದ್ಧದಲ್ಲಿ ಸರ್ಕಾರದ ಕೈ ಕಟ್ಟಬಾರದು, ಒಪ್ಪಿದೆ. ಗೂಢಚಾರರು ಕಟ್ಟುಕಥೆಯಲ್ಲ. ಪಾಕಿಸ್ತಾನದ ಜೊತೆ ಸಂಘರ್ಷದ ಹೊತ್ತಿನಲ್ಲಿ, 2025ರ ಮೇ 7ರ ನಾಗರಿಕ ರಕ್ಷಣೆಯ ಅಣಕು ಕವಾಯತಿಗೆ ಆರಿಸಿದ ಊರುಗಳಲ್ಲಿ ನಮ್ಮ ರಾಯಚೂರೂ ಇತ್ತು. ಶಕ್ತಿನಗರದಂಥ ವಿದ್ಯುತ್ ಕೇಂದ್ರ ಪಕ್ಕದಲ್ಲಿರುವಾಗ ಎಚ್ಚರ ಬೇಡ ಅನ್ನಲು ಯಾರಿಗೂ ಆಗಲ್ಲ.

ನನ್ನ ತಕರಾರು ಬೇರೆ. ಯುದ್ಧಕ್ಕೆಂದು ಕೊಟ್ಟ ಅಧಿಕಾರ ಯುದ್ಧ ಮುಗಿದ ಮೇಲೆ ವಾಪಸ್ ಬರುವುದೇ ಇಲ್ಲ. ವಿದೇಶಿಯರ ಕಾಯ್ದೆಯನ್ನೇ ನೋಡಿ. ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷರು ಸುಗ್ರೀವಾಜ್ಞೆ ತಂದರು, 1940ರಲ್ಲಿ ಯುದ್ಧಕಾಲಕ್ಕೆಂದೇ ಕಾಯ್ದೆ ಮಾಡಿದರು. 1945ರಲ್ಲಿ ಯುದ್ಧ ಮುಗಿಯಿತು. 1946ರಲ್ಲಿ ಅದೇ ಕಾಯ್ದೆ ಕಾಯಂ ಆಗಿ ಬಂತು! ಬ್ರಿಟಿಷರು ಹೋದರು, ಅದು ಹೋಗಲಿಲ್ಲ. 2025ರ ಹೊಸ ಕಾಯ್ದೆ ಬರುವವರೆಗೂ ಅದೇ ನಡೆಯಿತು. "ನಾನು ವಿದೇಶಿ ಅಲ್ಲ" ಅಂತ ಸಾಬೀತು ಮಾಡುವ ಭಾರ ಸಿಕ್ಕಿಬಿದ್ದವನ ಮೇಲೆಯೇ ಅನ್ನುವ ನಿಯಮ ಹೊಸದರಲ್ಲೂ ಉಳಿದಿದೆ.

1962ಕ್ಕೆ ಬನ್ನಿ. ಅಕ್ಟೋಬರ್ 26ಕ್ಕೆ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ನವೆಂಬರ್ 21ಕ್ಕೆ ಚೀನಾ ಕದನ ನಿಲ್ಲಿಸಿತು. ತುರ್ತು ಪರಿಸ್ಥಿತಿ ತೆಗೆದದ್ದು ಯಾವಾಗ ಗೊತ್ತಾ? 1968ರ ಜನವರಿಯಲ್ಲಿ. ಆ ನಡುವೆ ಅಸ್ಸಾಂ, ಬಂಗಾಳದ ಕಡೆಯ ಸುಮಾರು 3,000 ಚೀನೀ ಮೂಲದವರನ್ನು ರೈಲು ಹತ್ತಿಸಿ ರಾಜಸ್ಥಾನದ ದೇವ್ಲಿ ಶಿಬಿರಕ್ಕೆ ಸಾಗಿಸಿದರು. ಮುದುಕರು, ಬಸುರಿಯರು, ಶಾಲೆಗೆ ಹೋಗುವ ಮಕ್ಕಳು. ಎಷ್ಟೋ ಜನ ಇಲ್ಲೇ ಹುಟ್ಟಿದವರು, ಕೆಲವರು ಭಾರತದ ಪೌರರೇ. ವಿಚಾರಣೆ ಇಲ್ಲ, ಆರೋಪಪಟ್ಟಿ ಇಲ್ಲ. ಕೆಲವರು ನಾಲ್ಕೈದು ವರ್ಷ ಅಲ್ಲೇ ಕೊಳೆತರು. ಅಮೆರಿಕ 1942ರಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಕೂಡಿ ಹಾಕಿತ್ತು. 1988ರಲ್ಲಿ ಕಾಯ್ದೆ ಮಾಡಿ ಕ್ಷಮೆ ಕೇಳಿತು, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಟ್ಟಿತು. ನಮ್ಮ ಯಾವ ಸರ್ಕಾರವೂ ದೇವ್ಲಿಗಾಗಿ ಕ್ಷಮೆ ಕೇಳಿಲ್ಲ. ನೀವು ಮಾಸ್ತರು, ಹೇಳಿ, ಅಷ್ಟು ವರ್ಷ ಇತಿಹಾಸ ಪಾಠ ಮಾಡುವಾಗ ಪುಸ್ತಕದಲ್ಲಿ ಒಂದು ಸಲವಾದರೂ ದೇವ್ಲಿ ಹೆಸರು ಕಂಡಿದ್ದೀರಾ?

ಮೀಸಾ, ಅಂದರೆ ವಿಚಾರಣೆ ಇಲ್ಲದೆ ಬಂಧಿಸುವ ಆಂತರಿಕ ಭದ್ರತಾ ಕಾಯ್ದೆಯ ಕಥೆ ನಿಮಗೇ ಗೊತ್ತು, ನಿಮ್ಮ ವಯಸ್ಸಿನವರು ಕಣ್ಣಾರೆ ಕಂಡದ್ದು. 1971ರಲ್ಲಿ ಆ ಕಾಯ್ದೆ ತಂದಾಗ ಹೇಳಿದ್ದು ದೇಶದ ರಕ್ಷಣೆ ಅಂತ, ವಿದೇಶಿಯರನ್ನು ತಡೆಹಿಡಿಯುವ ಮಾತು ಅದರೊಳಗೇ ಇತ್ತು. 1975ರ ತುರ್ತು ಪರಿಸ್ಥಿತಿಯಿಂದ ಆ ಒಂದೇ ಕಾಯ್ದೆಯಡಿ 35 ಸಾವಿರದ ಹತ್ತಿರ ಜನ ಜೈಲು ಕಂಡರು. ಅವರಲ್ಲಿ ಹೊರಗಿನವರು ಎಷ್ಟು ಮಂದಿ? ನಮ್ಮ ಪಕ್ಷಗಳ ಮುಖಂಡರು, ಪತ್ರಕರ್ತರು, ವಿದ್ಯಾರ್ಥಿಗಳೇ ಜಾಸ್ತಿ. ತುರ್ತು ಪರಿಸ್ಥಿತಿಯಲ್ಲಿ ಇಂಥ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಅಂತ 1976ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಕೈಚೆಲ್ಲಿದರು. ಎಚ್.ಆರ್. ಖನ್ನಾ ಒಬ್ಬರೇ ಆಗಲ್ಲ ಅಂದರು. ಮುಂದೆ ಅವರಿಗೆ ಸಿಗಬೇಕಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು.

ನಮ್ಮ ಜಿಲ್ಲೆಗೇ ಬರೋಣ. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳು ನಿಮಗೆ ದೂರವಲ್ಲ. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿಗಳ ಊರು ಅವು. ಅಲ್ಲಿ ಹಿರಿಯರೊಬ್ಬರು ಟ್ರಂಕಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನ ಹಾಳೆ ತೋರಿಸಿದರು. ಮಡಿಕೆ ಬಿದ್ದಲ್ಲಿ ಹರಿದು ಅಂಟುಪಟ್ಟಿ ಹಚ್ಚಿತ್ತು. ಶಾಯಿ ಮಾಸಿ ಅಪ್ಪನ ಹೆಸರಿನ ಅರ್ಧ ಮಾತ್ರ ಉಳಿದಿತ್ತು. "ನಾವು ಬಂದಾಗ ಇಲ್ಲಿ ಬರೇ ಜಾಲಿ ಕಂಟಿ ಇತ್ರಿ ಸರ. ಈಗ ನೆಲ್ಲು ಬೆಳಿತೀವಿ. ಈ ಹಾಳಿ ಹೋದ್ರ ನಾವ್ಯಾರಂತ ಹೇಳೂದ್ರಿ?" ಅಂದರು. ಅಪ್ಪಟ ರಾಯಚೂರು ಮಾತು. ನೀವು ಹೇಳುವ "ಪೂರಾ ಅಧಿಕಾರ" ಕೈಗೆ ಬಂದ ದಿನ ಠಾಣೆಯ ಪೇದೆ ಮೊದಲು ತಟ್ಟುವುದು ಇಂಥವರ ಬಾಗಿಲನ್ನೇ.

ಅಲ್ಲಿಗೇ ನಿಲ್ಲುತ್ತಾ? ದೇವದುರ್ಗ, ಲಿಂಗಸೂಗೂರಿನ ಕಡೆಯಿಂದ ಗುಳೆ ಹೋಗುವ ನಮ್ಮ ಮಂದಿಯ ಕಾಗದಪತ್ರ ನೋಡಿದ್ದೀರಲ್ಲ. ಆಧಾರದಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು, ಪಹಣಿಯಲ್ಲಿ ಸತ್ತ ಅಜ್ಜನದು. ತಿದ್ದಿಸಲು ಹೋದರೆ ತಾಲ್ಲೂಕು ಕಚೇರಿಯಲ್ಲಿ "ನಾಳೆ ಬಾ". ತಿಂಗಳುಗಟ್ಟಲೆ ಒಂದು ಅಕ್ಷರ ತಿದ್ದದ ಆಡಳಿತದ ಕೈಗೆ, ಮನುಷ್ಯನನ್ನು ಕೇಳದೆ ಹಿಡಿಯುವ ಅಧಿಕಾರ ಕೊಡೋಣವಾ?

ಇನ್ನು ಟೀವಿ. ಕರಾಚಿ ಬಂದರೇ ನಾಶವಾಯಿತು ಅಂತ ಆ ಮೇ ತಿಂಗಳು ಚಾನೆಲ್‌ಗಳು ಅರಚಿದ್ದನ್ನು ನೀವೂ ನೋಡಿರುತ್ತೀರಿ. ಸುಳ್ಳು ಸುದ್ದಿ. ಸೈರನ್ ಸದ್ದು ಬಳಸಬೇಡಿ ಅಂತ ಕೊನೆಗೆ ಸರ್ಕಾರವೇ ಹೇಳಬೇಕಾಯಿತು. ನಿಮ್ಮ ಪತ್ರದಲ್ಲಿ ಆ ಸೈರನ್ ಕೇಳಿಸುತ್ತಿದೆ, ಬೇಜಾರು ಮಾಡಿಕೊಳ್ಳಬೇಡಿ. ಪಾಠ ಹೇಳಿದವರು ಆ ಸದ್ದಿಗೆ ತಲೆ ಕೊಡಬಾರದಿತ್ತು.

ಹಾಗಾದರೆ ಶತ್ರುದೇಶದವರನ್ನು ಸುಮ್ನೆ ಬಿಡಬೇಕಾ ಅಂತೀರಿ. ಯಾರು ಬಿಡಿ ಅಂದರು? ಸಂವಿಧಾನದ 22ನೇ ವಿಧಿಯಲ್ಲೇ ಶತ್ರುದೇಶದ ಪ್ರಜೆಗೆ ಬಂಧನದ ರಕ್ಷಣೆಗಳಿಲ್ಲ. ಆದರೆ ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ ಪೌರರಿಗಷ್ಟೇ ಅಲ್ಲ, ಪ್ರತಿ ಮನುಷ್ಯನಿಗೂ ಇದೆ. 1978ರ 44ನೇ ತಿದ್ದುಪಡಿಯ ನಂತರ ತುರ್ತು ಪರಿಸ್ಥಿತಿಯಲ್ಲೂ ಅದನ್ನು ಅಮಾನತು ಮಾಡುವಂತಿಲ್ಲ. ನಾನು ಕೇಳುವುದು ಇಷ್ಟೇ: ಹಿಡಿದವರಿಗೆ ಕಾರಣ ಬರವಣಿಗೆಯಲ್ಲಿ ಕೊಡಿ, ಬೇಗ ನ್ಯಾಯಾಧೀಶರ ಮುಂದೆ ನಿಲ್ಲಿಸಿ, ವಿಶೇಷ ಅಧಿಕಾರ ಎಂದು ಮುಗಿಯುತ್ತದೆ ಅನ್ನುವ ತಾರೀಕನ್ನು ಕಾಯ್ದೆಯಲ್ಲೇ ಬರೆಯಿರಿ. ಇವು ಮೂರರಲ್ಲಿ ಯಾವುದರಿಂದ ದೇಶಕ್ಕೆ ಧಕ್ಕೆ ಅಂತ ಬಿಡಿಸಿ ಬರೆಯಿರಿ ಮಾಸ್ತರೇ. ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕುತ್ತೇವೆ.

– ಸಂ.