ಅಗಸಿ ಚಟ್ನಿಗೆ ಹೂಂ, ಡಬ್ಬಿಗೆ ತಡೀರಿ

ಗದಗಿನ ನಿವೃತ್ತ ಶಿಕ್ಷಕರೊಬ್ಬರ ಪತ್ರ ಬಂದಿದೆ. ವಯಸ್ಸು 61. ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 168 ಇದೆ. ಡಾಕ್ಟರು ಅದನ್ನು ಇಳಿಸುವ ಸ್ಟ್ಯಾಟಿನ್ ಗುಳಿಗೆ ಬರೆದುಕೊಟ್ಟಿದ್ದಾರೆ. ‘ಅಳಿಯಂದಿರು ಕೆಂಪು ಯೀಸ್ಟ್ ಅಕ್ಕಿಯ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. ಪೂರಾ ನೈಸರ್ಗಿಕವಂತೆ. ಸದ್ಯ ಎರಡನ್ನೂ ತಗೊಳ್ತಿದ್ದೇನೆ, ಡಾಕ್ಟರಿಗೆ ಹೇಳಿಲ್ಲ. ಮುಂದಿನ ತಿಂಗಳು ಗುಳಿಗೆ ಬಿಡಬಹುದಾ?’ ಎಂದು ಕೇಳಿದ್ದಾರೆ.

ಮಾಸ್ತರರೇ, ಬೇಡ. ಪಕ್ಕಕ್ಕಿಡಬೇಕಾದದ್ದು ಆ ಕ್ಯಾಪ್ಸೂಲ್, ಗುಳಿಗೆಯಲ್ಲ. ಅದನ್ನು ಇವತ್ತೇ ಇಡಿ.

ಯಾಕೆ ಹೇಳ್ತೀನಿ ಕೇಳಿ. ಅಕ್ಕಿಯ ಮೇಲೆ ಒಂದು ಜಾತಿಯ ಕೆಂಪು ಬೂಷ್ಟು ಬೆಳೆಸಿ ಆ ಕ್ಯಾಪ್ಸೂಲ್ ಮಾಡುತ್ತಾರೆ. ಅದರಲ್ಲಿ ಮೊನಕೊಲಿನ್ ಕೆ ಅನ್ನುವ ಅಂಶ ಇರುತ್ತದೆ. ಅದೂ ಲೋವಾಸ್ಟ್ಯಾಟಿನ್ ಅನ್ನುವ ಔಷಧವೂ ಒಂದೇ ವಸ್ತು. ಅಂದರೆ ನೀವು ಸ್ಟ್ಯಾಟಿನ್ ಮೇಲೆ ಸ್ಟ್ಯಾಟಿನ್ ನುಂಗುತ್ತಿದ್ದೀರಿ! ಸ್ನಾಯುಗಳಿಗೆ, ಲಿವರ್‌ಗೆ ಪೆಟ್ಟು ಬೀಳುವುದು ಹೀಗೆಯೇ. ಗುಳಿಗೆಯಲ್ಲಾದರೆ ಎಷ್ಟು ಮಿಲಿಗ್ರಾಂ ಅನ್ನೋದಾದರೂ ಗೊತ್ತು. ಈ ಡಬ್ಬಿಗಳಲ್ಲಿ ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. 2024ರಲ್ಲಿ ಜಪಾನಿನಲ್ಲಿ ಇಂಥದ್ದೇ ಕ್ಯಾಪ್ಸೂಲ್ ತಿಂದ ಎಷ್ಟೋ ಜನ ಕಿಡ್ನಿ ತೊಂದರೆಯಿಂದ ಆಸ್ಪತ್ರೆ ಸೇರಿದರು.

ಇನ್ನು ‘ನೈಸರ್ಗಿಕ’ದ ಮಾತು. ಮೊದಲ ಸ್ಟ್ಯಾಟಿನ್ ಸಿಕ್ಕಿದ್ದೂ ಬೂಷ್ಟಿನಲ್ಲೇ. 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಸಾವಿರಾರು ಬೂಷ್ಟುಗಳನ್ನು ಜಾಲಾಡಿ ಅದನ್ನು ಕಂಡುಹಿಡಿದರು. ಹಾಗಾಗಿ ನಿಮ್ಮ ಗುಳಿಗೆಯ ಕುಲಮೂಲವೂ ನೈಸರ್ಗಿಕವೇ, ಅಲ್ವಾ?

ಗುಗ್ಗುಳದ ಬಗ್ಗೆಯೂ ಕೇಳಿದ್ದೀರಿ. 2003ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಅದನ್ನು ತಗೊಂಡವರ ಎಲ್‌ಡಿಎಲ್ ಇಳಿಯಲಿಲ್ಲ, ಸ್ವಲ್ಪ ಏರಿತು. ಕೆಲವರಿಗೆ ಮೈಮೇಲೆ ಗಂಧೆಯೂ ಎದ್ದಿತು.

ಹಾಗಂತ ಮನೆಯಲ್ಲಿ ಏನೂ ಇಲ್ಲ ಅಂತಲ್ಲ. ಇಸಬಗೋಲ್ ನಿಜಕ್ಕೂ ಕೆಲಸ ಮಾಡುತ್ತದೆ. ದಿನಕ್ಕೆ ಸುಮಾರು 10 ಗ್ರಾಂ ತಗೊಂಡರೆ ಎಲ್‌ಡಿಎಲ್ ಶೇ 5ರಿಂದ 10ರಷ್ಟು ಇಳಿಯಬಹುದು. ನೀರು ಮಾತ್ರ ಧಾರಾಳವಾಗಿ ಕುಡಿಯಿರಿ, ಇಲ್ಲದಿದ್ದರೆ ಗಂಟಲಲ್ಲೇ ಉಬ್ಬಿ ಕೂತೀತು. ಬೇರೆ ಗುಳಿಗೆಗಳಿಗೂ ಅದಕ್ಕೂ ಎರಡು ತಾಸಿನ ಅಂತರ ಇರಲಿ. ಅಗಸಿಯನ್ನು ಇಡೀ ಕಾಳು ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ. ಕುಟ್ಟಿ ಪುಡಿ ಮಾಡಬೇಕು. ನಮ್ಮ ಕಡೆಯ ಅಜ್ಜಿಯರು ಇದನ್ನು ಯಾವ ಪ್ರಯೋಗಾಲಯವನ್ನೂ ಕೇಳದೆ ಮಾಡಿಕೊಂಡು ಬಂದಿದ್ದಾರೆ. ಬಿಸಿ ರೊಟ್ಟಿ, ಅಗಸಿ ಚಟ್ನಿ, ಮಡಕಿಕಾಳಿನ ಪಲ್ಯ, ಕಡಿದುಕೊಳ್ಳೋಕೆ ಹಸಿ ಮೆಂತೆ ಸೊಪ್ಪು. ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಸಂಜೆಯ ಗಿರ್ಮಿಟ್ ಜೊತೆ ದಿನಾ ನಾಲ್ಕು ಮಿರ್ಚಿ ಹೊಡೆದರೆ ಮಾತ್ರ ಈ ಲೆಕ್ಕ ಕೂಡೋದಿಲ್ಲ. ಇದು ನನಗೂ ಹೇಳಿಕೊಂಡ ಮಾತು.

ಬೆಳ್ಳುಳ್ಳಿ ಊಟದಲ್ಲಿ ಇರಲಿ. ಕ್ಯಾಪ್ಸೂಲ್ ರೂಪದಲ್ಲಿ ಬೇಡ, ಅದರಲ್ಲೂ ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುವವರಿಗೆ. ಅರಿಶಿನದ ಕ್ಯಾಪ್ಸೂಲಿನಿಂದಲೂ ಕೆಲವರ ಲಿವರ್ ಕೆಟ್ಟಿದ್ದಿದೆ. ಸಾರಿಗೆ ಹಾಕುವ ಚಿಟಿಕೆ ಬೇರೆ, ಆ ಗಟ್ಟಿ ಸಾರ ಬೇರೆ.

ಈ ವಾರವೇ ಆ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಮೇಜಿನ ಮೇಲಿಡಿ. ಬಯ್ದರೆ ಬಯ್ಯಲಿ. ಕಾರಣವಿಲ್ಲದೆ ತೊಡೆ, ತೋಳು ನೋಯುತ್ತಿದ್ದರೆ ಅಥವಾ ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ವಾರದವರೆಗೆ ಕಾಯಬೇಡಿ, ಅವತ್ತೇ ಹೋಗಿ. ಅಳಿಯಂದಿರಿಗೆ ಬೇಜಾರಾದರೆ, ಮುಂದಿನ ಸಲ ಬರುವಾಗ ಒಂದು ಸೇರು ಅಗಸಿ ತರೋಕೆ ಹೇಳಿ.

– ಸಂಪಾದಕ